ಮಗುವಿನ ಮೆದುಳು 'ಬೆಳಗುವ' ಚಿತ್ರಗಳು: ನಿಜಕ್ಕೂ ಅಳೆದದ್ದೇನು?

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಒಂದು ಎಂಆರ್‌ಐ ಸ್ಕ್ಯಾನ್ ಚಿತ್ರ. ತಾಯಿಯೊಬ್ಬಳು ಎಳೆಗೂಸಿಗೆ ಮುತ್ತಿಡುತ್ತಿದ್ದಾಳೆ, ಇಬ್ಬರ ತಲೆಯೊಳಗಿನ ಮೆದುಳೂ ಕಾಣುತ್ತಿದೆ, ಅಲ್ಲಲ್ಲಿ ಬಣ್ಣಗಳು ಹೊಳೆಯುತ್ತಿವೆ. ತಾಯಿ ಮುತ್ತಿಟ್ಟ ಕೂಡಲೇ ಮಗುವಿನ ಮೆದುಳಿನಲ್ಲಿ ಆಕ್ಸಿಟೋಸಿನ್, ಡೋಪಮೈನ್ ಉಕ್ಕಿ ಹರಿಯುವುದನ್ನು ವಿಜ್ಞಾನಿಗಳು ಸೆರೆಹಿಡಿದಿದ್ದಾರೆ ಎಂಬರ್ಥದ ಬರಹ ಜೊತೆಗಿರುತ್ತದೆ. ಅಮ್ಮಂದಿರ ದಿನ ಬಂದಾಗ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇದಕ್ಕೆ ಕೈಮುಗಿಯುವ ಇಮೋಜಿಗಳ ಮಳೆ.

ಚಿತ್ರ ನಿಜ. ಬರಹ ಸುಳ್ಳು.

ಚಿತ್ರದಲ್ಲಿರುವವರು ಅಮೆರಿಕದ ಎಂಐಟಿಯ ನರವಿಜ್ಞಾನಿ ರೆಬೆಕ್ಕಾ ಸ್ಯಾಕ್ಸ್ ಮತ್ತು ಅವರ ಮಗ. 2015ರಲ್ಲಿ ಸ್ಮಿತ್ಸೋನಿಯನ್ ಪತ್ರಿಕೆಯಲ್ಲಿ ಪ್ರಕಟವಾದ ಮೂಲ ಚಿತ್ರ ಕಪ್ಪು-ಬಿಳುಪಿನದು. ರೋಗ ಪತ್ತೆಗಾಗಲಿ, ಪ್ರಯೋಗಕ್ಕಾಗಲಿ ತೆಗೆದದ್ದಲ್ಲ, ಇಂಥದ್ದೊಂದು ಚಿತ್ರ ಇರಲಿ ಎಂದೇ ತೆಗೆದದ್ದು. ಬಣ್ಣ ಆಮೇಲೆ ಬಳಿದದ್ದು. ಇಂಥ ಸ್ಕ್ಯಾನ್ ತೋರಿಸುವುದು ಅಂಗಾಂಶದ ಆಕಾರವನ್ನು ಮಾತ್ರ. ಎಲ್ಲಿ ಮೂಳೆ, ಎಲ್ಲಿ ಕೊಬ್ಬು, ಎಲ್ಲಿ ಮೆದುಳು, ಅಷ್ಟೇ. ಹಾರ್ಮೋನು ಅದರಲ್ಲಿ ಕಾಣುವುದಿಲ್ಲ. ಇನ್ನೊಂದು ವಿಷಯ: ಎಂಆರ್‌ಐ ಯಂತ್ರದಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಮಲಗಿರಬೇಕು. ಹಾಗಾಗಿ ಅದು ಮುತ್ತಿಟ್ಟ 'ಆ ಕ್ಷಣ'ವೂ ಅಲ್ಲ.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಈ ಒಂದು ಫಾರ್ವರ್ಡ್‌ನಿಂದ ನಷ್ಟವಿಲ್ಲ, ಒಪ್ಪುತ್ತೇನೆ. ಆದರೆ 'ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ' ಎಂಬ ಇದೇ ವಾಕ್ಯವನ್ನು ಹಿಡಿದುಕೊಂಡು ಮಕ್ಕಳಿಗೆ ಕ್ಲಾಸುಗಳು, ಆಪ್‌ಗಳು, ಕಾರ್ಡುಗಳು ಮಾರಾಟವಾಗುತ್ತಿವೆ. ಆದ್ದರಿಂದ ಮಗು ಏನನ್ನೋ ನೋಡಿದಾಗ ಅದರ ಮೆದುಳಿನಲ್ಲಾಗುವುದನ್ನು ಹೇಗೆ ಅಳೆಯುತ್ತಾರೆ, ಆ ಅಳತೆ ಎಷ್ಟು ಹೇಳಬಲ್ಲದು ಎಂದು ತಿಳಿದುಕೊಂಡಿರುವುದು ಒಳ್ಳೆಯದು.

ಹಿಂದಲೆಯ ಪಿಸುಮಾತು

ಜರ್ಮನಿಯ ಮನೋವೈದ್ಯ ಹಾನ್ಸ್ ಬೆರ್ಗರ್ 1924ರಲ್ಲಿ ಮನುಷ್ಯನ ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಅನುಮಾನ ಪಡುತ್ತಲೇ ಐದು ವರ್ಷ ಕಳೆದು 1929ರಲ್ಲಿ ಅದನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಕೂತವರಲ್ಲಿ ಅವರ ಮಗನೂ ಒಬ್ಬ. ಇಂದು ನಾವು ಇಇಜಿ ಎನ್ನುವುದು ಇದನ್ನೇ. ಬೆರ್ಗರ್ ಕಂಡುಕೊಂಡ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಎಚ್ಚರವಿರುವ ದೊಡ್ಡವರು ಸುಮ್ಮನೆ ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು 10 ಬಾರಿ ಏರಿಳಿಯುವ ಅಲೆ ಕಾಣುತ್ತದೆ. ಕಣ್ಣು ಬಿಟ್ಟರೆ ತಗ್ಗುತ್ತದೆ. ಇದರ ಹೆಸರು ಆಲ್ಫಾ ಅಲೆ.

ಒಂದು ಚಿತ್ರ ತೋರಿಸಿದಾಗ ಮೆದುಳು ಕೊಡುವ ಉತ್ತರ ಈ ಆಲ್ಫಾಗಿಂತಲೂ ಚಿಕ್ಕದು. ಪರದೆಯ ಮೇಲೆ ಚದುರಂಗದ ಹಾಸಿನಂಥ ಕಪ್ಪು-ಬಿಳಿ ಚೌಕಗಳನ್ನು ತೋರಿಸಿ, ಕಪ್ಪು ಬಿಳಿಯಾಗುವಂತೆ, ಬಿಳಿ ಕಪ್ಪಾಗುವಂತೆ ಅದಲುಬದಲು ಮಾಡಿದರೆ ಹಿಂದಲೆಯಲ್ಲಿ ಸುಮಾರು 10 ಮೈಕ್ರೋವೋಲ್ಟ್‌ನ ಅಲೆಯೊಂದು ಏಳುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ 1.5 ವೋಲ್ಟ್. ಅದರ ಒಂದೂವರೆ ಲಕ್ಷದಲ್ಲಿ ಒಂದು ಪಾಲು ಇದು. ಸುತ್ತ ಮೆದುಳಿನ ಬೇರೆ ಅಲೆಗಳ ಗದ್ದಲ. ರೆಪ್ಪೆ ಬಡಿದರೆ, ಹಲ್ಲು ಕಚ್ಚಿದರೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸಂಕೇತ.

ಹಾಗಾದರೆ ಸಂತೆಯ ನಡುವೆ ಪಿಸುಮಾತು ಕೇಳಿಸಿಕೊಳ್ಳುವುದು ಹೇಗೆ? ಅದೇ ಮಾತನ್ನು ಮತ್ತೆ ಮತ್ತೆ ಹೇಳಿಸಬೇಕು. ಚೌಕಗಳನ್ನು ನೂರು ಸಲ ಅದಲುಬದಲು ಮಾಡಿ, ಪ್ರತಿ ಸಲದ ದಾಖಲೆಯನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯುತ್ತಾರೆ. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಹಾಗಾಗಿ ಒಂದನ್ನೊಂದು ಕಳೆದುಕೊಳ್ಳುತ್ತದೆ. ಉತ್ತರ ಮಾತ್ರ ಪ್ರತಿ ಸಲವೂ ಅದೇ ಹೊತ್ತಿಗೆ ಬರುವುದರಿಂದ ಉಳಿಯುತ್ತದೆ. ನೂರು ಸಲ ಮಾಡಿದರೆ ಗದ್ದಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಹೀಗೆ ಸಿಗುವ ಅಲೆಯ ಶಿಖರ ಚೌಕ ಬದಲಾದ ಸುಮಾರು 100 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಬರುತ್ತದೆ. ಕಣ್ಣಿನ ವೈದ್ಯರು, ನರರೋಗ ವೈದ್ಯರು ಬರೆದುಕೊಡುವ ವಿಇಪಿ ಪರೀಕ್ಷೆ ಇದೇ. ನೋವಿಲ್ಲ, ಸೂಜಿಯಿಲ್ಲ, ತಲೆಗೆ ಕರೆಂಟ್ ಹಾಯಿಸುವುದೂ ಇಲ್ಲ. ತಲೆಯಿಂದ ಬರುವುದನ್ನು ಅಳೆಯುತ್ತಾರೆ, ತಲೆಗೆ ಏನನ್ನೂ ಕೊಡುವುದಿಲ್ಲ. ಈ ಭಯ ನಮ್ಮಲ್ಲಿ ಬಹಳ ಜನಕ್ಕಿದೆ, ಅದಕ್ಕೇ ಹೇಳಿದೆ.

ಅಂದರೆ 'ಈ ಚಿತ್ರ ನೋಡಿದಾಗ ಮೆದುಳು ಹೀಗೆ ಪ್ರತಿಕ್ರಿಯಿಸಿತು' ಎಂಬ ವಾಕ್ಯದ ಹಿಂದೆ ಸಾಮಾನ್ಯವಾಗಿ ಒಂದು ನೋಟವಿರುವುದಿಲ್ಲ, ಹತ್ತಾರು ಅಥವಾ ನೂರಾರು ನೋಟಗಳ ಸರಾಸರಿ ಇರುತ್ತದೆ.

ಬಣ್ಣ ಎಲ್ಲಿಂದ ಬಂತು?

ಹೊಳೆಯುವ ಬಣ್ಣದ ಮೆದುಳಿನ ಚಿತ್ರಗಳು ಹೆಚ್ಚಾಗಿ ಎಫ್‌ಎಂಆರ್‌ಐ ಎಂಬ ವಿಧಾನದವು. 1990ರಲ್ಲಿ ಸೆಯ್ಜಿ ಒಗಾವಾ ಮತ್ತು ಸಂಗಡಿಗರು ಇದಕ್ಕೆ ತಳಹದಿ ಹಾಕಿದರು. ಮೆದುಳಿನ ಒಂದು ಭಾಗ ಹೆಚ್ಚು ಕೆಲಸ ಮಾಡಿದರೆ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದೆ, ಯಂತ್ರ ಆ ವ್ಯತ್ಯಾಸವನ್ನು ಹಿಡಿಯುತ್ತದೆ. ನರಕೋಶದ ಕೆಲಸ ಮಿಲಿಸೆಕೆಂಡುಗಳಲ್ಲಿ ಮುಗಿದರೂ ರಕ್ತದ ಏರಿಕೆ ಶಿಖರ ಮುಟ್ಟುವುದು ಕೆಲವು ಸೆಕೆಂಡು ತಡವಾಗಿ. ಯಂತ್ರಕ್ಕೆ ಬಣ್ಣ ಗೊತ್ತಿಲ್ಲ. ಮುಖಗಳನ್ನು ತೋರಿಸಿದಾಗ ಬಂದ ಸಂಖ್ಯೆಯಿಂದ ಬೇರೇನನ್ನೋ ತೋರಿಸಿದಾಗ ಬಂದ ಸಂಖ್ಯೆಯನ್ನು ಕಳೆದು, ವ್ಯತ್ಯಾಸ ಒಂದು ಗೆರೆ ದಾಟಿದ ಕಡೆಗೆಲ್ಲ ಸಂಶೋಧಕರು ಬಣ್ಣ ಹಾಕುತ್ತಾರೆ. ಗೆರೆ ಎಲ್ಲಿ ಎಳೆಯಬೇಕು ಎಂಬುದೂ ಮನುಷ್ಯರ ತೀರ್ಮಾನವೇ. ಬಣ್ಣವಿಲ್ಲದ ಜಾಗದಲ್ಲಿ ಮೆದುಳು ಮಲಗಿದೆ ಎಂದೇನೂ ಅಲ್ಲ.

ಗೆರೆ ತಪ್ಪಾದರೆ ಏನಾಗುತ್ತದೆ ಎಂದು ತೋರಿಸಲು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿದರು. ಮೀನು ಸತ್ತಿತ್ತು. ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿ, ಫೋಟೋದಲ್ಲಿರುವವರ ಮನಸ್ಸಿನಲ್ಲಿ ಯಾವ ಭಾವನೆಯಿದೆ ಎಂದು ಕೇಳಿದರು! ಲೆಕ್ಕವನ್ನು ಸಡಿಲವಾಗಿ ಮಾಡಿದಾಗ ಸತ್ತ ಮೀನಿನ ಮೆದುಳಿನಲ್ಲೂ 'ಚಟುವಟಿಕೆ'ಯ ಚುಕ್ಕಿಗಳು ಕಂಡವು. ಸರಿಯಾದ ತಿದ್ದುಪಡಿಯೊಂದಿಗೆ ಲೆಕ್ಕ ಮಾಡಿದಾಗ ಮಾಯವಾದವು. ಮೆದುಳನ್ನು ಸಾವಿರಾರು ಚಿಕ್ಕ ತುಣುಕುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಪರೀಕ್ಷೆ ಮಾಡಿದರೆ ಕೆಲವು ತುಣುಕುಗಳು ಆಕಸ್ಮಿಕವಾಗಿ ಗೆರೆ ದಾಟಿಯೇ ದಾಟುತ್ತವೆ. 2009ರಲ್ಲಿ ಮಂಡಿಸಿದ ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಮಗು ಎಂದರೆ ಚಿಕ್ಕ ಅಳತೆಯ ದೊಡ್ಡವರಲ್ಲ

ದೊಡ್ಡವರಿಗೆ 'ಆ ಚುಕ್ಕಿಯನ್ನೇ ನೋಡ್ತಾ ಇರಿ, ಅಲುಗಾಡಬೇಡಿ' ಎಂದು ಹೇಳಬಹುದು. ಆರು ತಿಂಗಳ ಕೂಸಿಗೆ? ಎಲೆಕ್ಟ್ರೋಡ್ ಪೋಣಿಸಿದ ಮಕ್ಕಳ ಟೋಪಿ ನೋಡಲು ನಮ್ಮ ಕುಲಾವಿಯ ಹಾಗೇ ಇರುತ್ತದೆ. ಕೂಸು ಅದನ್ನು ಕಿತ್ತೆಸೆಯಲು ನೋಡುತ್ತದೆ, ಅಳುತ್ತದೆ, ಅಮ್ಮನ ಕಡೆ ತಿರುಗುತ್ತದೆ, ನಿದ್ದೆ ಹೋಗುತ್ತದೆ. ಮುತ್ತಿನ ಚಿತ್ರದ ಅದೇ ಸ್ಯಾಕ್ಸ್ ಅವರ ತಂಡ 2017ರಲ್ಲಿ ನಿಜವಾದ ಪ್ರಯೋಗವೊಂದನ್ನು ಪ್ರಕಟಿಸಿತು. 4ರಿಂದ 6 ತಿಂಗಳ ಕೂಸುಗಳಿಗೆ ಎಚ್ಚರವಿರುವಾಗಲೇ ಸ್ಕ್ಯಾನರ್‌ನೊಳಗೆ ಮುಖಗಳ ಮತ್ತು ಹೊರಗಿನ ದೃಶ್ಯಗಳ ವಿಡಿಯೊ ತೋರಿಸಿದ್ದರು. ಕೂಸಿನ ತಲೆಗೆ ಹೊಂದುವ ಉಪಕರಣವನ್ನೇ ಬೇರೆ ಮಾಡಿಸಿದ್ದರು. ಇಷ್ಟಾಗಿಯೂ 17 ಕೂಸುಗಳಲ್ಲಿ ಬಳಸಬಹುದಾದ ದಾಖಲೆ ಸಿಕ್ಕಿದ್ದು 9 ಕೂಸುಗಳಿಂದ. ಮುಖಕ್ಕೆ ಹೆಚ್ಚು ಸ್ಪಂದಿಸುವ ಜಾಗ, ದೃಶ್ಯಕ್ಕೆ ಹೆಚ್ಚು ಸ್ಪಂದಿಸುವ ಜಾಗ ಎಂಬ ವಿಂಗಡಣೆ ಆ ವಯಸ್ಸಿಗೇ ದೊಡ್ಡವರನ್ನು ಹೋಲುತ್ತಿತ್ತು, ಆದರೆ ಅಷ್ಟು ಖಚಿತವಾಗಿರಲಿಲ್ಲ. ನನಗೆ ಇದು ಮುತ್ತಿನ ಚಿತ್ರಕ್ಕಿಂತ ದೊಡ್ಡ ಸುದ್ದಿ. ಯಾರೂ ಫಾರ್ವರ್ಡ್ ಮಾಡಿದ್ದನ್ನು ಮಾತ್ರ ನೋಡಿಲ್ಲ.

ಅಳೆದ ಸಂಖ್ಯೆಗಳೂ ಬೇರೆ. ವಯಸ್ಕರಲ್ಲಿ 100 ಮಿಲಿಸೆಕೆಂಡಿಗೆ ಬರುವ ಅಲೆ ನವಜಾತ ಶಿಶುವಿನಲ್ಲಿ 200 ಮಿಲಿಸೆಕೆಂಡು ದಾಟಿ ಬರುತ್ತದೆ, ಅದೂ ಚೌಕಗಳು ದೊಡ್ಡದಾಗಿದ್ದರೆ. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಕಣ್ಣಿನ ರೆಟಿನಾ ಕೂಡ ಎಳೆಯದು. ಮೊದಲ ಆರು ತಿಂಗಳಲ್ಲಿ ಈ ವಿಳಂಬ ಸರಸರನೆ ಇಳಿದು, ದೊಡ್ಡ ಚೌಕಗಳ ಮಟ್ಟಿಗೆ ವಯಸ್ಕರ ಹತ್ತಿರ ಬರುತ್ತದೆ. ಸಣ್ಣ ಚೌಕಗಳಿಗೆ ಇನ್ನೂ ಸಮಯ ಬೇಕು. ಮುಖ ನೋಡಿದಾಗ ದೊಡ್ಡವರಲ್ಲಿ ಸುಮಾರು 170 ಮಿಲಿಸೆಕೆಂಡಿಗೆ ಒಂದು ವಿಶಿಷ್ಟ ಅಲೆ ಬರುತ್ತದೆ. ಕೂಸುಗಳಲ್ಲಿ ಆ ಕೆಲಸ ಸುಮಾರು 290 ಮತ್ತು 400ರ ಆಸುಪಾಸಿನ ಎರಡು ಅಲೆಗಳಲ್ಲಿ ಹಂಚಿಹೋಗಿರುವಂತೆ ಕಾಣುತ್ತದೆ. ರಕ್ತದ ಸಂಕೇತವಂತೂ ಇನ್ನೂ ವಿಚಿತ್ರ. ನಿದ್ದೆಯಲ್ಲಿರುವ ಅಥವಾ ನಿದ್ದೆಯ ಔಷಧ ಕೊಟ್ಟ ಎಳೆ ಮಕ್ಕಳ ಕಣ್ಣಿಗೆ ಬೆಳಕು ಮಿನುಗಿಸಿದ 1990ರ ದಶಕದ ಕೆಲವು ಅಧ್ಯಯನಗಳಲ್ಲಿ, ದೊಡ್ಡವರಲ್ಲಿ ಏರುವ ಸಂಕೇತ ಅವರಲ್ಲಿ ಇಳಿದಿತ್ತು. ದೊಡ್ಡವರ ಪಟ್ಟಿಯನ್ನಿಟ್ಟುಕೊಂಡು ಮಗುವಿನ ಮೆದುಳನ್ನು ಓದಲು ಹೋದರೆ ಹೌದು ಎಂಬುದು ಇಲ್ಲ ಎಂದೂ ಆಗಬಹುದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಗುವಿಗೆ ಎಷ್ಟು ಸಣ್ಣದು ಕಾಣುತ್ತದೆ ಎಂದು ಕಂಡುಹಿಡಿಯಲು ಎರಡು ದಾರಿ. ಒಂದು, ರಾಬರ್ಟ್ ಫ್ಯಾಂಟ್ಜ್ 1960ರ ಸುಮಾರಿಗೆ ಬಳಕೆಗೆ ತಂದ ಉಪಾಯ: ಒಂದು ಕಡೆ ಖಾಲಿ ಹಾಳೆ, ಇನ್ನೊಂದು ಕಡೆ ಪಟ್ಟೆಗಳು, ಕೂಸು ಯಾವುದನ್ನು ಹೆಚ್ಚು ಹೊತ್ತು ನೋಡುತ್ತದೆ ಎಂದು ಗಮನಿಸುವುದು. ಎರಡು, ಪಟ್ಟೆಗಳನ್ನು ಸಣ್ಣ ಮಾಡುತ್ತಾ ಹೋಗಿ ಹಿಂದಲೆಯ ಅಲೆ ಯಾವಾಗ ನಿಲ್ಲುತ್ತದೆ ಎಂದು ಅಳೆಯುವುದು. ಒಂದೇ ವಯಸ್ಸಿನ ಮಕ್ಕಳಲ್ಲಿ ಈ ಎರಡು ದಾರಿಗಳು ಬೇರೆಬೇರೆ ಉತ್ತರ ಕೊಡುತ್ತವೆ. ಮೆದುಳಿನ ಅಲೆಯನ್ನು ನಂಬಿದರೆ ಒಂದು ವರ್ಷದೊಳಗೇ ಮಗುವಿನ ದೃಷ್ಟಿ ವಯಸ್ಕರ ಹತ್ತಿರ ಬಂದಿರುತ್ತದೆ, ನೋಟವನ್ನು ನಂಬಿದರೆ ಅದಕ್ಕೆ ಮೂರು-ನಾಲ್ಕು ವರ್ಷ ಬೇಕು. ಯಾವುದೂ ಸುಳ್ಳಲ್ಲ. ಸಣ್ಣ ಪಟ್ಟೆಯ ಮಾಹಿತಿ ಮೆದುಳಿನ ಹಿಂಬಾಗಿಲಿಗೆ ತಲುಪಿತು ಎನ್ನುವುದು ಒಂದು ಮಾತು, ಮಗು ಅದನ್ನು ಕಂಡು, ಗಮನವಿಟ್ಟು, ಅದರತ್ತ ತಿರುಗಿತು ಎನ್ನುವುದು ಬೇರೆ ಮಾತು. 'ಮೆದುಳು ಪ್ರತಿಕ್ರಿಯಿಸಿತು' ಎಂದ ಮಾತ್ರಕ್ಕೆ 'ಮಗುವಿಗೆ ಅರ್ಥವಾಯಿತು', 'ಮಗು ಕಲಿಯಿತು' ಎಂದಾಗುವುದಿಲ್ಲ. ಮೂರು ತಿಂಗಳ ಕೂಸಿಗೆ ಫ್ಲ್ಯಾಶ್ ಕಾರ್ಡ್ ಮಾರುವ ಜಾಹೀರಾತುಗಳು ಸಲೀಸಾಗಿ ದಾಟಿಬಿಡುವ ಗೆರೆ ಇದೇ.

ಥೀಟಾ ಅಲೆ ಮತ್ತು ಕಣ್ಣಿಗೆ ಬಟ್ಟೆ

ಏಳು ವರ್ಷದವರೆಗೆ ಮಕ್ಕಳ ಮೆದುಳು ಥೀಟಾ ಅಲೆಯಲ್ಲಿರುತ್ತದೆ, ಅಂದರೆ ಹಿಪ್ನಾಟಿಸಂ ಸ್ಥಿತಿಯಲ್ಲಿರುತ್ತದೆ, ಆಗ ಹೇಳಿದ್ದೆಲ್ಲ ಸುಪ್ತ ಮನಸ್ಸಿಗೆ ಅಚ್ಚೊತ್ತುತ್ತದೆ ಎಂಬ ಸಂದೇಶ ಓಡಾಡುತ್ತಿದೆ. ಇದರಲ್ಲಿ ಅರ್ಧ ಪಾಲು ನಿಜವಿದೆ, ಅದಕ್ಕೇ ನಂಬಲು ಸುಲಭ. ಮಕ್ಕಳ ಅಲೆಗಳು ನಿಧಾನ ಎಂಬುದು ನಿಜ. ಹಿಂದಲೆಯ ಆ ಅಲೆ ನಾಲ್ಕು ತಿಂಗಳ ಸುಮಾರಿಗೆ ಸೆಕೆಂಡಿಗೆ 4ರ ಹತ್ತಿರ, ಒಂದು ವರ್ಷಕ್ಕೆ 6, ಮೂರು ವರ್ಷಕ್ಕೆ 8, ಹತ್ತು ವರ್ಷದ ಹೊತ್ತಿಗೆ 10. ಆದರೆ ಅದು ಕಣ್ಣು ಮುಚ್ಚಿದಾಗ ಏರುತ್ತದೆ, ತೆರೆದಾಗ ತಗ್ಗುತ್ತದೆ, ಥೇಟ್ ಬೆರ್ಗರ್ ಕಂಡ ಆಲ್ಫಾದ ಹಾಗೆ. ಅಂದರೆ ಅದು ಆಲ್ಫಾದ್ದೇ ಎಳೆಯ ರೂಪ. ಸಂಖ್ಯೆ 8ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ದೊಡ್ಡವರ ಪಟ್ಟಿಯಲ್ಲಿ ನೋಡಿ 'ಥೀಟಾ' ಎಂದು ಹೆಸರಿಟ್ಟು, ದೊಡ್ಡವರ ತೂಕಡಿಕೆಯ ಗುಣಗಳನ್ನೆಲ್ಲ ಮಗುವಿಗೆ ಅಂಟಿಸುವುದು ಮೋಸದ ಲೆಕ್ಕ. ನೆಗೆದಾಡುವ ನಾಲ್ಕು ವರ್ಷದ ಮಗು ಹಿಪ್ನಾಟಿಸಂ ಸ್ಥಿತಿಯಲ್ಲಿದೆ ಎಂದು ಅದರ ಹಿಂದೆ ಓಡಿದ ಯಾರೂ ಒಪ್ಪಲಾರರು.

ನಮ್ಮೂರುಗಳಲ್ಲಿ ಇದೇ ಭಾಷೆಯನ್ನು ದುಡ್ಡಾಗಿಸಿದ್ದು 'ಮಿಡ್‌ಬ್ರೈನ್ ಆಕ್ಟಿವೇಶನ್' ಕ್ಲಾಸುಗಳು. ಕೆಲವು ದಿನಗಳ ತರಬೇತಿ, ದುಬಾರಿ ಶುಲ್ಕ, ಕೊನೆಗೆ ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾರ್ಡಿನ ಬಣ್ಣ ಹೇಳುತ್ತದೆ, ಓದುತ್ತದೆ. ಆಲ್ಫಾ ಅಲೆ ಹೆಚ್ಚಾಗಿದೆ ಎಂಬ ಸಮರ್ಥನೆ ಬೇರೆ. ಕಣ್ಣು ಮುಚ್ಚಿದರೆ ಆಲ್ಫಾ ಹೆಚ್ಚಾಗುವುದು ಬೆರ್ಗರ್ ಕಾಲದಿಂದಲೂ ಗೊತ್ತಿರುವ ವಿಷಯ, ಅದಕ್ಕೆ ಫೀಸು ಕಟ್ಟಬೇಕಾಗಿಲ್ಲ. ಇನ್ನು ಮಿಡ್‌ಬ್ರೈನ್, ಅಂದರೆ ನಡುಮೆದುಳು, ಹುಟ್ಟಿದಾಗಿನಿಂದಲೇ ಕೆಲಸ ಮಾಡುತ್ತಿರುತ್ತದೆ. ಬೆಳಕು ಬಿದ್ದಾಗ ಕಣ್ಣಿನ ಪಾಪೆ ಕಿರಿದಾಗುವುದು, ಸದ್ದು ಬಂದತ್ತ, ಚಲಿಸುವ ವಸ್ತುವಿನತ್ತ ಕಣ್ಣು ಹೊರಳುವುದು ಇದರ ಕೆಲಸಗಳು. ಅದು 'ಆಕ್ಟಿವೇಟ್' ಆಗಿರದಿದ್ದರೆ ಮಗುವಿಗೆ ಪ್ರಜ್ಞೆಯೇ ಇರುತ್ತಿರಲಿಲ್ಲ.

ಕಣ್ಣಿಗೆ ಬೆಳಕೇ ಬೀಳದಿದ್ದರೆ ಕಾರ್ಡಿನಿಂದ ಮೆದುಳಿಗೆ ಯಾವ ಸಂಕೇತವೂ ಹೋಗುವುದಿಲ್ಲ, ಹಿಂದಲೆಯ ಅಲೆ ಸಪಾಟಾಗುತ್ತದೆ. ಹಾಗಾದರೆ ಮಕ್ಕಳು ಓದುವುದು ಹೇಗೆ? ಮೂಗಿನ ಪಕ್ಕದ ಸಂದಿನಿಂದ. ಬಟ್ಟೆ ಎಷ್ಟು ಬಿಗಿದರೂ ಮೂಗಿನ ಎರಡೂ ಬದಿಯಲ್ಲಿ ಕೆಳನೋಟಕ್ಕೆ ಜಾಗ ಉಳಿಯುತ್ತದೆ. ಅದಕ್ಕೇ ಕಾರ್ಡನ್ನು ಕೆಳಗೆ, ಎದೆಯ ಹತ್ತಿರ ಹಿಡಿಯುವುದು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ವರ್ಷಗಳಿಂದ ಇದನ್ನು ಬಹಿರಂಗವಾಗಿ ತೋರಿಸುತ್ತ ಬಂದಿದ್ದಾರೆ. ಇದನ್ನು ಪರೀಕ್ಷಿಸಲು ಇಇಜಿ ಬೇಕಿಲ್ಲ. ಈಜುವ ಕನ್ನಡಕದ ಗಾಜಿಗೆ ಕಪ್ಪು ಟೇಪ್ ಅಂಟಿಸಿ, ಅಂಚಿನ ಸಂದು ಮುಚ್ಚಿ ಹಾಕಿದರೆ, ಅಥವಾ ಕಾರ್ಡನ್ನು ಹಣೆಯ ಮೇಲ್ಭಾಗದಲ್ಲಿ ಹಿಡಿದರೆ ಸಾಕು. ಇದರಲ್ಲಿ ನನಗೆ ಬೇಸರ ತರಿಸುವುದು ದುಡ್ಡಿನ ಮಾತಿಗಿಂತ ಹೆಚ್ಚಾಗಿ, ಎಂಟು-ಹತ್ತು ವರ್ಷದ ಮಗುವಿಗೆ ತಾನು ಕದ್ದು ನೋಡುತ್ತಿರುವುದು ಗೊತ್ತಿದ್ದೂ ಅಪ್ಪ-ಅಮ್ಮನ ಮುಂದೆ ಹೇಳಲಾಗದ ಸ್ಥಿತಿ.

ಮೊಬೈಲ್ ನೋಡಿದ ಮಗುವಿನ ಮೆದುಳು, ನೋಡದ ಮಗುವಿನ ಮೆದುಳು ಎಂದು ಅಕ್ಕಪಕ್ಕ ಇಟ್ಟ ಬಣ್ಣದ ಚಿತ್ರಗಳೂ ಬರುತ್ತವೆ. ಈ ವಿಷಯದಲ್ಲಿ 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಹೆಚ್ಚು ಸುದ್ದಿಯಾಯಿತು. 3ರಿಂದ 5 ವರ್ಷದ 47 ಮಕ್ಕಳ ಮೆದುಳಿನ ನರತಂತುಗಳ ರಚನೆಯಲ್ಲಿ ಪರದೆಯ ಬಳಕೆಗೆ ತಕ್ಕಂತೆ ವ್ಯತ್ಯಾಸ ಕಂಡಿತ್ತು. ಒಂದೇ ಸಲ ಅಳೆದದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದು ಹೇಳಲಾರದು. ಹಾಗೆಂದು ಮಗುವಿನ ಕೈಗೆ ಫೋನ್ ಕೊಡಿ ಎನ್ನುತ್ತಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಸಲಹೆಗೆ ಭಯ ಹುಟ್ಟಿಸುವ ಚಿತ್ರ ಬೇಕಾಗಿಲ್ಲ.

ನಾವೇಕೆ ಇಷ್ಟು ಬೇಗ ನಂಬುತ್ತೇವೆ ಎಂಬುದರ ಮೇಲೂ ಸಂಶೋಧನೆಯಾಗಿದೆ. ಡೀನಾ ವೈಸ್‌ಬರ್ಗ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಪೊಳ್ಳು ವಿವರಣೆಯೊಂದಕ್ಕೆ ಸಂಬಂಧವಿಲ್ಲದ ಮೆದುಳಿನ ಮಾತು ಸೇರಿಸಿದರೆ ಸಾಮಾನ್ಯ ಓದುಗರಿಗೆ ಅದು ಹೆಚ್ಚು ಸಮಾಧಾನಕರ ಎನಿಸುತ್ತದೆ. ಪರಿಣತರು ಮಾತ್ರ ಬೀಳಲಿಲ್ಲ. ಮೆದುಳಿನ ಚಿತ್ರ ಇದ್ದರೆ ಇನ್ನೂ ಹೆಚ್ಚು ನಂಬುತ್ತಾರೆ ಎಂದು ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಹೇಳಿತ್ತು, ಆದರೆ 2013ರಲ್ಲಿ ಬೇರೆ ತಂಡ ಮತ್ತೆ ಮತ್ತೆ ಪರೀಕ್ಷಿಸಿದಾಗ ಚಿತ್ರದ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ನಮ್ಮನ್ನು ಮರುಳು ಮಾಡುವುದು ಬಣ್ಣಕ್ಕಿಂತ ಹೆಚ್ಚಾಗಿ ಜೊತೆಗಿರುವ ಮಾತು ಅಂತ ಕಾಣುತ್ತದೆ.

ನಿಜಕ್ಕೂ ಉಪಯೋಗವಾಗುವ ಕಡೆ

ಮಾತು ಬಾರದ ಮಗು ತನಗೆ ಕಾಣುತ್ತಿಲ್ಲ ಎಂದು ಹೇಳಲಾರದು. ಅಲ್ಲಿ ಈ ಅಳತೆಗಳಿಗೆ ಬೆಲೆಯಿದೆ. ಕಣ್ಣು ಸರಿಯಿದ್ದೂ ಮಗು ಮುಖ ಗುರುತಿಸುತ್ತಿಲ್ಲವಾದರೆ ಕಣ್ಣಿನಿಂದ ಹಿಂದಲೆಯವರೆಗಿನ ದಾರಿ ತೆರೆದಿದೆಯೇ ಎಂದು ತಿಳಿಯಲು ವೈದ್ಯರಿಗೆ ವಿಇಪಿ ನೆರವಾಗುತ್ತದೆ. ಅದೊಂದನ್ನೇ ನೋಡಿ ಯಾರೂ ತೀರ್ಪು ಕೊಡುವುದಿಲ್ಲ, ಕಣ್ಣಿನ ಒಳಭಾಗದ ಪರೀಕ್ಷೆ ಮತ್ತು ಮಗುವಿನ ನಡವಳಿಕೆಯ ಜೊತೆಗಿಟ್ಟು ಓದುತ್ತಾರೆ.

ಮೂರು ತಿಂಗಳಾದರೂ ಮಗು ಮುಖದತ್ತ ದೃಷ್ಟಿ ನಿಲ್ಲಿಸದಿದ್ದರೆ, ಚಲಿಸುವ ವಸ್ತುವನ್ನು ಕಣ್ಣಿನಲ್ಲಿ ಹಿಂಬಾಲಿಸದಿದ್ದರೆ, ಕಣ್ಣುಗುಡ್ಡೆ ಸದಾ ಅದುರುತ್ತಿದ್ದರೆ, ಪಾಪೆ ಬೆಳ್ಳಗೆ ಕಂಡರೆ ಅಥವಾ ಫ್ಲ್ಯಾಶ್ ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗೆ ಹೊಳೆದರೆ 'ದೊಡ್ಡದಾದ ಮೇಲೆ ಸರಿಹೋಗುತ್ತೆ' ಎಂದು ಕಾಯಬೇಡಿ. ಮೊದಲ ತಿಂಗಳುಗಳಲ್ಲಿ ಕಣ್ಣಿಗೆ ಸ್ಪಷ್ಟ ಚಿತ್ರ ಸಿಗದಿದ್ದರೆ ಮೆದುಳಿನ ದೃಷ್ಟಿಭಾಗದ ಬೆಳವಣಿಗೆಯೇ ಹಾದಿ ತಪ್ಪುತ್ತದೆ. 1981ರ ನೊಬೆಲ್ ಪಡೆದ ಹ್ಯೂಬೆಲ್ ಮತ್ತು ವೀಸೆಲ್ ಅವರ ಕೆಲಸದ ಒಂದು ಮುಖ್ಯ ಭಾಗ ಇದೇ. ಹುಟ್ಟಿನಿಂದ ಬಂದ ಪೊರೆಯನ್ನು ವಾರಗಳೊಳಗೆ ತೆಗೆಯಲು ವೈದ್ಯರು ಅವಸರಿಸುವುದು ಇದಕ್ಕಾಗಿಯೇ.

ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಿಷಯದಲ್ಲಿ ಅವಸರ ಇನ್ನೂ ಹೆಚ್ಚು. ಅವರ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಆರ್‌ಒಪಿ ಎಂಬ ತೊಂದರೆಯಿದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮದಡಿ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು ರೆಟಿನಾದ ಚಿತ್ರ ತೆಗೆದು ಬೆಂಗಳೂರಿನ ತಜ್ಞರಿಗೆ ಕಳಿಸುತ್ತ ಬಂದಿದ್ದಾರೆ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕವಿದ್ದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಬೇಕು, ತೀರಾ ಚಿಕ್ಕ ಕೂಸುಗಳಿಗೆ ಇನ್ನೂ ಬೇಗ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಅಂಥ ಕೂಸಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಆಸ್ಪತ್ರೆಯವರನ್ನು ಕೇಳಿ ಬರೆಸಿಕೊಳ್ಳಿ.